ಗಾಜಿನ ಒಡಲಲ್ಲಿ ವಿಕಿರಣ: ಪರಮಾಣು ತ್ಯಾಜ್ಯದ ಚರಿತ್ರೆಯ ಒಂದು ಅಧ್ಯಾಯ

೧

ರೇಡಿಯಂ ಧಾತುವಿನ ಇರವು ಜಗತ್ತಿಗೆ ತಿಳಿದು ಇನ್ನೂ ವರ್ಷ ತುಂಬಿರಲಿಲ್ಲ. ೧೮೯೯ರಲ್ಲಿ ಪ್ಯಾರಿಸ್ ನಗರದ ಪಿಯೇರ್ ಕ್ಯೂರಿ ಮತ್ತು ಮೇರಿ ಕ್ಯೂರಿ ದಂಪತಿಗಳು ಒಂದು ಸಣ್ಣ ಸಂಗತಿಯನ್ನು ವರದಿ ಮಾಡಿದರು. ರೇಡಿಯಂ ಬೆರೆತ ಲವಣಗಳನ್ನು ಇರಿಸಿದ್ದ ಗಾಜಿನ ಪಾತ್ರೆಗಳು ದಿನ ಕಳೆದಂತೆ ನೇರಿಳೆ ಬಣ್ಣಕ್ಕೆ ತಿರುಗುತ್ತಿದ್ದವು. ಮ್ಯಾಂಗನೀಸ್ ಬೆರೆತ ಕಿಟಕಿಯ ಗಾಜು ಬಿಸಿಲಿಗೆ ಬಣ್ಣಗೂಡುವುದನ್ನು ೧೮೨೦ರ ದಶಕದಲ್ಲಿಯೇ ಮೈಕೇಲ್ ಫ್ಯಾರಡೆ ಗಮನಿಸಿದ್ದುಂಟು. ಆದರೆ ಕತ್ತಲೆಯ ಕಪಾಟಿನೊಳಗಿದ್ದ ಪಾತ್ರೆಗೆ ಬಿಸಿಲಿನ ಸೋಂಕೆಲ್ಲಿಯದು? ಒಳಗಿದ್ದ ವಸ್ತುವೇ ತನ್ನನ್ನು ಹಿಡಿದಿಟ್ಟ ಪಾತ್ರೆಯನ್ನು ಮಾರ್ಪಡಿಸುತ್ತಿದ್ದಿತು.

ಅಂದು ಕೇವಲ ಕುತೂಹಲದ ವಿಷಯವಾಗಿದ್ದ ಈ ಸಂಗತಿ ಅರ್ಧ ಶತಮಾನದ ತರುವಾಯ ಬೇರೆಯೇ ಗೌರವವನ್ನು ಪಡೆಯಿತು. ಪರಮಾಣು ಶಕ್ತಿಯ ಉತ್ಪಾದನೆಯಲ್ಲಿ ಹುಟ್ಟುವ ಅತ್ಯಂತ ಅಪಾಯಕರವಾದ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿ, ಕರಗಿಸಿ, ಎರಕ ಹೊಯ್ದು ಭೂಮಿಯ ಆಳದಲ್ಲಿ ಇರಿಸಬೇಕೆಂಬುದು ಹಲವು ರಾಷ್ಟ್ರಗಳು ಒಪ್ಪಿಕೊಂಡಿರುವ ಮಾರ್ಗ. ಇಲ್ಲಿ ಪಾತ್ರೆ ಬೇರೆ, ಒಳಗಿನ ವಸ್ತು ಬೇರೆ ಎಂಬ ಭೇದವಿಲ್ಲ. ವಿಕಿರಣಶೀಲ ಪರಮಾಣುಗಳು ಗಾಜಿನ ರಚನೆಯ ಅಂಗವಾಗಿಯೇ ಸೇರಿಹೋಗುತ್ತವೆ. ಸಾವಿರಾರು ವರ್ಷಗಳವರೆಗೆ ಒಳಗಿನಿಂದಲೇ ಅದನ್ನು ಬಡಿಯುತ್ತಿರುತ್ತವೆ. ಹೀಗಿರಲು, ಇಂದು ಎರೆದ ಗಾಜು ಹತ್ತು ಸಾವಿರ ವರ್ಷಗಳ ಮೇಲೆ ಗಾಜಾಗಿಯೇ ಉಳಿದೀತೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಪ್ರಶ್ನೆಗೆ ಉತ್ತರವನ್ನು ಅರಸಿದವರ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

೨

ಸ್ಥಾವರದಲ್ಲಿ ಉರಿದ ಯುರೇನಿಯಂ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅದರಿಂದ ಪ್ಲುಟೋನಿಯಂ ಮತ್ತು ಉಳಿದ ಯುರೇನಿಯಂಗಳನ್ನು ಬೇರ್ಪಡಿಸಿದ ಮೇಲೆ ಒಂದು ಉಗ್ರವಾದ ದ್ರವ ಉಳಿಯುತ್ತದೆ. ಅದರಲ್ಲಿ ಸೀಸಿಯಂ, ಸ್ಟ್ರಾಂಷಿಯಂ ಮೊದಲಾದ ವಿದಳನದ ಫಲಗಳೂ, ಅಮೆರಿಷಿಯಂ, ಕ್ಯೂರಿಯಂ, ನೆಪ್ಚೂನಿಯಂಗಳಂಥ ಭಾರವಾದ ಧಾತುಗಳೂ ಇರುತ್ತವೆ. ಮೊದಲಿನ ವರ್ಷಗಳಲ್ಲಿ ಈ ದ್ರವವನ್ನು ತೊಟ್ಟಿಗಳಲ್ಲಿ ತುಂಬಿಡುವುದೇ ವಾಡಿಕೆಯಾಗಿದ್ದಿತು. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಇಂಥ ೧೭೭ ತೊಟ್ಟಿಗಳನ್ನು ನೆಲದೊಳಗೆ ಕಟ್ಟಿದರು. ಅವುಗಳಲ್ಲಿ ಅನೇಕವು ಮುಂದೆ ಸೋರಿದುವು. ಸೋವಿಯತ್ ದೇಶದ ಯೂರಲ್ ಪ್ರಾಂತ್ಯದ ಮಾಯಕ್ ಕಾರ್ಖಾನೆಯಲ್ಲಿ ತಂಪು ಮಾಡುವ ವ್ಯವಸ್ಥೆ ಕೆಟ್ಟು, ೧೯೫೭ರ ಸೆಪ್ಟೆಂಬರ್ ೨೯ರಂದು ಒಂದು ತೊಟ್ಟಿ ಸಿಡಿದು, ಅದರ ವಿಷ ವಿಸ್ತಾರವಾದ ಪ್ರದೇಶದ ಮೇಲೆ ಬಿದ್ದಿತು. ಜೋರೆಸ್ ಮೆದ್ವೆದೇವ್ ೧೯೭೬ರಲ್ಲಿ ಬರೆಯುವವರೆಗೆ ಹೊರಗಿನ ಜನಸಾಮಾನ್ಯರಿಗೆ ಈ ದುರಂತದ ಸುಳಿವೇ ಇರಲಿಲ್ಲ. ದ್ರವವನ್ನು ದ್ರವವಾಗಿಯೇ ಬಹುಕಾಲ ಕಾಯಲಾಗದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

ಘನೀಕರಿಸುವ ಯತ್ನಗಳು ೧೯೫೦ರ ದಶಕದಲ್ಲಿಯೇ ಮೊದಲಾದುವು. ಕೆನಡಾದ ಚಾಕ್ ರಿವರ್ ಪ್ರಯೋಗಶಾಲೆಯವರು ನೆಫೆಲಿನ್ ಸಯನೈಟ್ ಎಂಬ ಶಿಲೆಯನ್ನು ತ್ಯಾಜ್ಯದೊಡನೆ ಕರಗಿಸಿ ಗಾಜಿನ ಗಟ್ಟಿಗಳನ್ನು ಮಾಡಿ, ೧೯೫೮ರಲ್ಲಿ ೨೫, ೧೯೬೦ರಲ್ಲಿ ಮತ್ತೆ ೨೫ ಗಟ್ಟಿಗಳನ್ನು ಯಾವ ಹೊದಿಕೆಯೂ ಇಲ್ಲದೆ ಮರಳುನೆಲದಲ್ಲಿ, ಅಂತರ್ಜಲದ ಮಟ್ಟದ ಕೆಳಗೆ ಹೂಳಿದರು. ದಶಕಗಳ ಕಾಲ ಸುತ್ತಣ ನೀರನ್ನು ಪರೀಕ್ಷಿಸಿದಾಗ ಹೊರಬಂದುದು ಅತ್ಯಲ್ಪವೆಂದು ಕಂಡುಬಂದಿತು. ತರುವಾಯ ಫ್ರಾನ್ಸಿನ ಮಾರ್ಕೂಲ್‌ನಲ್ಲಿ ೧೯೭೮ರಲ್ಲಿ ಕೈಗಾರಿಕೆಯ ಪ್ರಮಾಣದ ಮೊದಲ ಕಾರ್ಖಾನೆ ಆರಂಭವಾಯಿತು. ಭಾರತದಲ್ಲಿ ಟ್ರಾಂಬೆಯ ಇಂಧನ ಪುನಸ್ಸಂಸ್ಕರಣ ಘಟಕವು ೧೯೬೪ರಲ್ಲಿ ಕೆಲಸಕ್ಕೆ ತೊಡಗಿದ್ದಿತು. ತಾರಾಪುರದ ಗಾಜೀಕರಣ ಘಟಕ ೧೯೮೫ರಲ್ಲಿಯೂ ಟ್ರಾಂಬೆಯದು ೨೦೦೨ರಲ್ಲಿಯೂ ಕಾರ್ಯಾರಂಭ ಮಾಡಿದುವು.

ಎಲ್ಲೆಡೆಯೂ ಬಹುಮಟ್ಟಿಗೆ ಆಯ್ಕೆಯಾದುದು ಬೋರೋಸಿಲಿಕೇಟ್ ಗಾಜು, ಎಂದರೆ ಮರಳಿನ ಸಿಲಿಕದೊಡನೆ ಬೋರಾನ್ ಆಕ್ಸೈಡನ್ನು ಸೇರಿಸಿದ ಗಾಜು. ಸುಮಾರು ೧೧೦೦ ಡಿಗ್ರಿ ಶಾಖದಲ್ಲಿ ಅದು ಕರಗುತ್ತದೆ. ನೀರಿಗೆ ಸುಲಭವಾಗಿ ಮಣಿಯದು. ಆವರ್ತಕೋಷ್ಟಕದ ಅರ್ಧದಷ್ಟು ಧಾತುಗಳನ್ನು ತನ್ನೊಳಗೆ ಇಂಬಿಟ್ಟುಕೊಳ್ಳಬಲ್ಲದು. ಆದರೂ ತ್ಯಾಜ್ಯದ ಗುಣಕ್ಕೆ ತಕ್ಕಂತೆ ಪಾಕವನ್ನು ಬದಲಾಯಿಸಬೇಕಾಗುತ್ತದೆ. ಟ್ರಾಂಬೆಯ ದ್ರವದಲ್ಲಿ ಗಂಧಕದ ಲವಣವಾದ ಸಲ್ಫೇಟ್ ಹೆಚ್ಚಾಗಿದ್ದಿತು. ಸಾಮಾನ್ಯ ಬೋರೋಸಿಲಿಕೇಟ್ ಗಾಜು ಸಲ್ಫೇಟನ್ನು ನೂರಕ್ಕೆ ಒಂದರಷ್ಟು ಮಾತ್ರ ಒಳಗೊಳ್ಳುತ್ತದೆ; ಮಿಕ್ಕದ್ದು ಬೇರ್ಪಟ್ಟು, ನೀರಿನಲ್ಲಿ ಕರಗುವ ಪದರವಾಗಿ ಮೇಲೆ ನಿಲ್ಲುತ್ತದೆ. ಈ ತೊಡಕಿಗೆ ಪರಿಹಾರವಾಗಿ ಟ್ರಾಂಬೆಯ ವಿಜ್ಞಾನಿಗಳು ಬೇರಿಯಂ ಸೇರಿದ ಗಾಜನ್ನು ರೂಪಿಸಿದರು.

೩

ವಿಕಿರಣದ ಪೆಟ್ಟನ್ನು ತಿಳಿಯಬೇಕಾದರೆ ಪೆಟ್ಟು ತಿನ್ನುವ ವಸ್ತುವಿನ ಸ್ವರೂಪವನ್ನು ಮೊದಲು ತಿಳಿಯಬೇಕು. ಗಾಜಿನ ರಚನೆಯನ್ನು ಕುರಿತು ಇಂದಿಗೂ ಆಧಾರವಾಗಿರುವ ಕಲ್ಪನೆಯನ್ನು ೧೯೩೨ರಲ್ಲಿ ಮುಂದಿಟ್ಟವರು ವಿಲಿಯಂ ಜಕಾರಿಯಾಸೆನ್. ಸಿಲಿಕಾನ್ ಪರಮಾಣುವೊಂದು ನಾಲ್ಕು ಆಮ್ಲಜನಕ ಪರಮಾಣುಗಳ ನಡುವೆ ಕುಳಿತು ಚತುಷ್ಫಲಕವೊಂದು ಆಗುತ್ತದೆ. ಬೆಣಚುಕಲ್ಲಿನಲ್ಲಿಯೂ ಗಾಜಿನಲ್ಲಿಯೂ ಈ ಘಟಕ ಒಂದೇ. ಬೆಣಚುಕಲ್ಲಿನಲ್ಲಿ ಈ ಘಟಕಗಳು ದೇವಾಲಯದ ಕಂಬಸಾಲಿನಂತೆ ಕ್ರಮ ತಪ್ಪದೆ ನಿಲ್ಲುತ್ತವೆ. ಗಾಜಿನಲ್ಲಿಯಾದರೋ ಒಂದರ ಮೂಲೆ ಇನ್ನೊಂದಕ್ಕೆ ತಗುಲಿದ್ದರೂ ಕೋನಗಳು ಒಂದೇ ತೆರನಾಗಿರದೆ, ದೂರದ ಕ್ರಮವೆಂಬುದು ಇಲ್ಲದ ಬಲೆಯೊಂದು ಹೆಣೆದುಕೊಳ್ಳುತ್ತದೆ. ಬೋರಾನ್ ಈ ಬಲೆಯಲ್ಲಿ ಎರಡು ವೇಷಗಳಲ್ಲಿರುತ್ತದೆ. ಕೆಲವೆಡೆ ಮೂರು ಆಮ್ಲಜನಕಗಳನ್ನೂ ಕೆಲವೆಡೆ ನಾಲ್ಕನ್ನೂ ಹಿಡಿದು ನಿಲ್ಲುತ್ತದೆ. ನಾಲ್ಕನ್ನು ಹಿಡಿದಾಗ ಅದರ ಮಗ್ಗುಲಲ್ಲಿ ಸೋಡಿಯಂನಂಥ ಧಾತು ಇದ್ದು ವಿದ್ಯುತ್ತಿನ ಸಮತೂಕವನ್ನು ಕಾಯುತ್ತದೆ. ಗಾಜಿನ ಈ ರಚನೆಯು ಅದು ಎಷ್ಟು ಬೇಗ ತಣಿಯಿತು ಎಂಬುದನ್ನೂ ಅವಲಂಬಿಸಿದೆ. ಮುಂದೆ ಬರುವ ಶೋಧಗಳಿಗೆಲ್ಲ ಈ ಮಾತೇ ಕೀಲಿಕೈ.

ಘನವಸ್ತುವಿನ ಕ್ರಮವನ್ನು ವಿಕಿರಣವು ಕೆಡಿಸಬಲ್ಲದೆಂಬುದನ್ನು ಮೊದಲು ಸೂಚಿಸಿದವರು ಖನಿಜಶಾಸ್ತ್ರಜ್ಞರು. ಹೊರಗೆ ಸ್ಫಟಿಕದ ಮುಖಗಳನ್ನು ಉಳಿಸಿಕೊಂಡು ಒಳಗೆ ಗಾಜಿನಂತಾಗಿಬಿಟ್ಟ ಕೆಲವು ಖನಿಜಗಳಿಗೆ ನಾರ್ವೆಯ ಬ್ರೋಗರ್ ೧೮೯೩ರಲ್ಲಿ ‘ಮೆಟಮಿಕ್ಟ್’ ಎಂದು ಹೆಸರಿಟ್ಟರು. ಅವುಗಳೊಳಗಿನ ಯುರೇನಿಯಂ ಮತ್ತು ಥೋರಿಯಂಗಳಿಂದ ಹೊರಡುವ ಆಲ್ಫಾ ಕಣಗಳೇ ಈ ವಿಕಾರಕ್ಕೆ ಕಾರಣವೆಂದು ೧೯೧೪ರಲ್ಲಿ ಸ್ವೀಡನ್ನಿನ ಹಾಂಬರ್ಗ್ ಊಹಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂಜೀನ್ ವಿಗ್ನರ್ ಸ್ಥಾವರದ ಗ್ರಾಫೈಟ್ ಕೂಡ ನ್ಯೂಟ್ರಾನುಗಳ ಹೊಡೆತದಿಂದ ಪರಮಾಣುಗಳ ಸ್ಥಾನ ತಪ್ಪಿ ಮಾರ್ಪಡುವುದೆಂದೂ, ಅದರಲ್ಲಿ ಶಕ್ತಿ ಕೂಡಿಕೊಳ್ಳುವುದೆಂದೂ ಎಚ್ಚರಿಸಿದರು. ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ೧೯೫೭ರ ಅಕ್ಟೋಬರಿನಲ್ಲಿ ಹೊತ್ತಿಕೊಂಡ ಬೆಂಕಿ, ಗ್ರಾಫೈಟಿನಲ್ಲಿ ಹೀಗೆ ಕೂಡಿದ್ದ ಶಕ್ತಿಯನ್ನು ಹೊರಗೆಡವಲು ಹೋದಾಗಲೇ ಸಂಭವಿಸಿತು. ಗಾಜಿನಲ್ಲಿಯೂ ಇಂಥ ಶಕ್ತಿ ಕೂಡಿಕೊಂಡು ಒಂದು ದಿನ ಹೊರಹಾಯ್ದರೆ ಗತಿಯೇನೆಂಬ ಶಂಕೆ ಅನಂತರದ ಸಂಶೋಧಕರನ್ನು ಬಹುಕಾಲ ಕಾಡಿತು.

ಇದೇ ದಶಕದಲ್ಲಿ ಅಮೆರಿಕದ ವಿಲಿಯಂ ಪ್ರಿಮಾಕ್ ಮತ್ತು ಅವರ ಸಂಗಡಿಗರು ಮಾಡಿದ ಪ್ರಯೋಗವು ಈ ಚರಿತ್ರೆಯಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ಅವರು ಬೆಣಚುಕಲ್ಲನ್ನೂ ಶುದ್ಧ ಸಿಲಿಕದ ಗಾಜನ್ನೂ ಸ್ಥಾವರದ ನ್ಯೂಟ್ರಾನುಗಳಿಗೆ ಒಡ್ಡಿದರು. ಒಂದು ಘನ ಸೆಂಟಿಮೀಟರಿಗೆ ೨.೬೫ ಗ್ರಾಮ್ ಇದ್ದ ಬೆಣಚುಕಲ್ಲಿನ ಸಾಂದ್ರತೆ ಇಳಿಯುತ್ತ ಹೋಯಿತು, ೨.೨೦ ಗ್ರಾಮ್ ಇದ್ದ ಗಾಜಿನದು ಏರುತ್ತ ಬಂದಿತು. ಕೊನೆಗೆ ಎರಡೂ ಸುಮಾರು ೨.೨೬ರಲ್ಲಿ ಬಂದು ನಿಂತುವು. ಅಲ್ಲಿಂದ ಮುಂದೆ ಎಷ್ಟು ಹೊಡೆದರೂ ಬದಲಾವಣೆ ಅತ್ಯಲ್ಪ. ಕ್ರಮವುಳ್ಳದ್ದೂ ಕ್ರಮವಿಲ್ಲದ್ದೂ ಬೇರೆ ಬೇರೆ ದಿಕ್ಕುಗಳಿಂದ ಹೊರಟು ಒಂದೇ ಠಾವಿಗೆ ಬಂದು ಸೇರಿದುದರಿಂದ ಎರಡು ತೀರ್ಮಾನಗಳು ದೊರೆತವು. ಗಾಜು ಮೊದಲೇ ಕ್ರಮಗೆಟ್ಟುದಾದುದರಿಂದ ವಿಕಿರಣಕ್ಕೆ ಅದು ಬದಲಾಗದೆಂಬ ನಂಬಿಕೆ ತಪ್ಪು. ಆದರೆ ಆ ಬದಲಾವಣೆಗೆ ಒಂದು ಎಲ್ಲೆಯುಂಟು.

೪

ತ್ಯಾಜ್ಯವನ್ನೊಳಗೊಂಡ ಗಾಜಿನ ಮೇಲೆ ಬೀಳುವ ಪೆಟ್ಟು ಎರಡು ಬಗೆಯದು. ಮೊದಲ ಕೆಲವು ನೂರು ವರ್ಷಗಳಲ್ಲಿ ಮೇಲುಗೈ ಬೀಟಾ ಮತ್ತು ಗ್ಯಾಮಾ ಕಿರಣಗಳದು. ಸೀಸಿಯಂ-೧೩೭, ಸ್ಟ್ರಾಂಷಿಯಂ-೯೦ ಇವುಗಳ ಅರ್ಧಾಯು ಸುಮಾರು ೩೦ ವರ್ಷ. ಹತ್ತು ಅರ್ಧಾಯುಗಳು ಕಳೆದರೆ, ಎಂದರೆ ೩೦೦ ವರ್ಷಗಳಲ್ಲಿ, ಮೊದಲಿದ್ದುದರ ಸಾವಿರದಲ್ಲೊಂದು ಪಾಲು ಮಾತ್ರ ಉಳಿದೀತು. ಈ ಕಿರಣಗಳು ಇಲೆಕ್ಟ್ರಾನುಗಳನ್ನು ಕದಲಿಸುತ್ತವೆ. ಕದಲಿದ ಇಲೆಕ್ಟ್ರಾನು ಗಾಜಿನ ಬಲೆಯ ಯಾವುದೋ ಮೂಲೆಯಲ್ಲಿ ಸಿಕ್ಕಿಕೊಂಡು, ಬೆಳಕನ್ನು ಹೀರುವ ಕೇಂದ್ರವಾಗುತ್ತದೆ. ಕ್ಯೂರಿ ದಂಪತಿಗಳು ಕಂಡ ಬಣ್ಣದ ಗುಟ್ಟು ಇದೇ. ವಿಕಿರಣಶೀಲ ವಸ್ತುಗಳನ್ನು ನಿರ್ವಹಿಸುವ ಕೋಣೆಗಳ ದಪ್ಪನೆಯ ಸೀಸದ ಗಾಜಿನ ಕಿಟಕಿಗಳು ಕಂದಿ ಮಬ್ಬಾಗದಂತೆ ಅವಕ್ಕೆ ಸೀರಿಯಂ ಆಕ್ಸೈಡನ್ನು ಬೆರೆಸುವುದು ಈ ತಿಳಿವಳಿಕೆಯ ಫಲವೇ. ತೀವ್ರವಾದ ಇಲೆಕ್ಟ್ರಾನ್ ಕಿರಣಕ್ಕೆ ಒಡ್ಡಿದ ಗಾಜಿನಲ್ಲಿ ಸೋಡಿಯಂ ತಾನಿದ್ದ ಸ್ಥಳದಿಂದ ಜರುಗುವುದೂ, ನಾಲ್ಕು ಹಿಡಿತದ ಬೋರಾನ್ ಮೂರಕ್ಕೆ ಇಳಿಯುವುದೂ, ಆಮ್ಲಜನಕದ ಅಣುಗಳು ಬಿಡುಗಡೆಯಾಗಿ ಒಳಗೇ ಸೆರೆಯಾಗುವುದೂ ಕಂಡುಬಂದಿದೆ. ಟ್ರಾಂಬೆಯ ಬೇರಿಯಂ ಗಾಜನ್ನೂ ಗ್ಯಾಮಾ ಕಿರಣಕ್ಕೆ ಒಡ್ಡಿ ಅಲ್ಲಿಯ ವಿಜ್ಞಾನಿಗಳು ಇಂಥ ದೋಷಕೇಂದ್ರಗಳನ್ನು ಪರಿಶೀಲಿಸಿದ್ದಾರೆ.

ಎರಡನೆಯದು ಆಲ್ಫಾ ಕ್ಷಯ. ಅಮೆರಿಷಿಯಂ-೨೪೧ರ ಅರ್ಧಾಯು ೪೩೨ ವರ್ಷ; ನೆಪ್ಚೂನಿಯಂ-೨೩೭ರದು ೨೦ ಲಕ್ಷ ವರ್ಷಗಳಿಗೂ ಮಿಗಿಲು. ಇಂಥ ಪರಮಾಣುವೊಂದು ಒಡೆದಾಗ ಹೀಲಿಯಂ ಬೀಜವಾದ ಆಲ್ಫಾ ಕಣವು ಅತಿವೇಗದಿಂದ ಹೊರಡುತ್ತದೆ. ಗಾಜಿನೊಳಗೆ ಅದು ಮಿಲಿಮೀಟರಿನ ಐವತ್ತರಲ್ಲೊಂದು ಪಾಲಿನಷ್ಟು ದೂರ ಸಾಗಿ, ದಾರಿಯಲ್ಲಿ ಕೆಲವು ನೂರು ಪರಮಾಣುಗಳನ್ನು ಸ್ಥಾನಪಲ್ಲಟ ಮಾಡುತ್ತದೆ. ಹೆಚ್ಚಿನ ಹಾನಿ ಅದರದಲ್ಲ. ಗುಂಡು ಹಾರಿದಾಗ ಬಂದೂಕು ಹೆಗಲನ್ನು ಒದೆಯುವಂತೆ, ಆಲ್ಫಾ ಕಣ ಹಾರಿದಾಗ ಹಿಂದುಳಿದ ಭಾರವಾದ ಬೀಜವು ಎದುರು ದಿಕ್ಕಿಗೆ ಒದೆಯಲ್ಪಡುತ್ತದೆ. ಅದು ಸಾಗುವ ದೂರ ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಪಾಲು ಮಾತ್ರ. ಆದರೆ ಆ ಕಿರಿದಾದ ಎಡೆಯಲ್ಲಿ ಸಾವಿರಕ್ಕೂ ಹೆಚ್ಚು ಪರಮಾಣುಗಳು ಒಮ್ಮೆಲೇ ಚೆದರಿ, ಕ್ಷಣಾರ್ಧದ ಅಲ್ಪಾಂಶದಲ್ಲಿ ಅಲ್ಲಿನ ಗಾಜು ಕರಗಿದಂತಾಗಿ ಮತ್ತೆ ಹೆಪ್ಪುಗಟ್ಟುತ್ತದೆ.

೫

ಸಾವಿರಾರು ವರ್ಷಗಳಲ್ಲಿ ನಡೆಯುವ ಈ ವ್ಯಾಪಾರವನ್ನು ಮನುಷ್ಯನ ಆಯುಸ್ಸಿನೊಳಗೆ ಪರೀಕ್ಷಿಸುವ ಬಗೆ ಯಾವುದು? ಇದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯ ಕ್ಯೂರಿಯಂ-೨೪೪. ಅದರ ಅರ್ಧಾಯು ೧೮ ವರ್ಷ ಮಾತ್ರ. ನಿಜವಾದ ತ್ಯಾಜ್ಯದಲ್ಲಿ ಇರುವುದಕ್ಕಿಂತ ಬಹುಪಾಲು ಹೆಚ್ಚಿನ ಕ್ಯೂರಿಯಂ ಅನ್ನು ಗಾಜಿನಲ್ಲಿ ಬೆರೆಸಿದರೆ, ಸಹಸ್ರಾರು ವರ್ಷಗಳ ಆಲ್ಫಾ ಪೆಟ್ಟು ಕೆಲವೇ ವರ್ಷಗಳಲ್ಲಿ ಬಿದ್ದುಹೋಗುತ್ತದೆ. ಕ್ಯೂರಿ ದಂಪತಿಗಳ ಹೆಸರನ್ನು ಹೊತ್ತ ಧಾತುವೇ ಅವರು ಮೊದಲು ಕಂಡ ಸಂಗತಿಯ ಪರೀಕ್ಷಕನಾದುದು ಗಮನಾರ್ಹ. ಅಮೆರಿಕದಲ್ಲಿ ೧೯೭೦ ಮತ್ತು ೮೦ರ ದಶಕಗಳಲ್ಲಿಯೂ, ತರುವಾಯ ಮಾರ್ಕೂಲ್‌ನಲ್ಲಿ ಫ್ರೆಂಚ್ ವಿಜ್ಞಾನಿಗಳಿಂದಲೂ ಇಂಥ ಪರೀಕ್ಷೆಗಳು ನಡೆದುವು.

ಫಲಿತಾಂಶಗಳು ಪ್ರಿಮಾಕ್‌ರ ತೀರ್ಮಾನವನ್ನೇ ಬೇರೊಂದು ರೂಪದಲ್ಲಿ ಎತ್ತಿಹಿಡಿದುವು. ಫ್ರಾನ್ಸಿನ ಗಾಜು ನೂರಕ್ಕೆ ಅರ್ಧದಿಂದ ಮುಕ್ಕಾಲಿನೊಳಗಿನಷ್ಟು ಉಬ್ಬಿತು. ಅದರ ಕಾಠಿಣ್ಯ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ತಗ್ಗಿತು. ಆಶ್ಚರ್ಯದ ಸಂಗತಿಯೆಂದರೆ, ಬಿರುಕನ್ನು ತಡೆಯುವ ಶಕ್ತಿ ಮಾತ್ರ ಮೊದಲಿಗಿಂತ ಹೆಚ್ಚಿತು. ಈ ಬದಲಾವಣೆಗಳೆಲ್ಲವೂ ಒಂದು ಗ್ರಾಮಿನಲ್ಲಿ ನಡೆದ ಆಲ್ಫಾ ಕ್ಷಯಗಳ ಸಂಖ್ಯೆ ನೂರು ಕೋಟಿಯನ್ನು ನೂರು ಕೋಟಿಯಿಂದ ಗುಣಿಸಿದುದರ ಮೂರು ನಾಲ್ಕು ಪಟ್ಟು ಆಗುವ ಹೊತ್ತಿಗೆ ಮುಗಿದುಹೋದುವು. ಅದರಾಚೆ ಪೆಟ್ಟು ಬೀಳುತ್ತಿದ್ದರೂ ಗುಣಗಳು ನಿಂತಲ್ಲೇ ನಿಂತುವು. ಕೂಡಿಟ್ಟ ಶಕ್ತಿಯ ಶಂಕೆಯೂ ಹೀಗೆಯೇ ಪರಿಹಾರವಾಯಿತು. ಅದು ಗ್ರಾಮಿಗೆ ನೂರು ಜೂಲಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಗಾಜಿನ ಒಂದು ಗ್ರಾಮನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ಒಂದು ಜೂಲ್ ಬೇಕಾಗುವುದರಿಂದ, ಕೂಡಿದುದೆಲ್ಲವೂ ಒಮ್ಮೆಗೇ ಹೊರಬಂದರೂ ಶಾಖ ನೂರು ಡಿಗ್ರಿಯಷ್ಟು ಏರೀತು. ವಿಂಡ್‌ಸ್ಕೇಲಿನ ಗ್ರಾಫೈಟಿನ ಗತಿ ಗಾಜಿಗೆ ಬಾರದು.

ಈ ಎಲ್ಲೆ ಏಕೆ ಉಂಟಾಗುತ್ತದೆಂಬುದನ್ನು ರಚನೆಯ ಪರೀಕ್ಷೆಯೇ ವಿವರಿಸಿತು. ಪೆಟ್ಟು ತಿಂದ ಗಾಜಿನಲ್ಲಿ ನಾಲ್ಕು ಹಿಡಿತದ ಬೋರಾನ್ ಕಡಮೆಯಾಗಿ ಮೂರು ಹಿಡಿತದ್ದು ಹೆಚ್ಚಿರುತ್ತದೆ. ಬಲೆಯ ಕೊಂಡಿಗಳು ಅಲ್ಲಲ್ಲಿ ಕಳಚಿರುತ್ತವೆ. ಕೋನಗಳ ವೈವಿಧ್ಯ ಮಿಗಿಲಾಗಿರುತ್ತದೆ. ಕರಗಿದ ಗಾಜನ್ನು ಅತಿ ವೇಗವಾಗಿ ತಣಿಸಿದಾಗ ಕಾಣುವ ಲಕ್ಷಣಗಳೂ ಇವೇ. ಬೀಜದ ಒಂದೊಂದು ಒದೆತವೂ ತನ್ನ ಕಿರುಪ್ರದೇಶವನ್ನು ಕರಗಿಸಿ ತಟ್ಟನೆ ತಣಿಸುತ್ತದೆ. ಇಂಥ ಕಿರುಪ್ರದೇಶಗಳು ಗಾಜಿನ ಮೈಯನ್ನೆಲ್ಲ ಒಮ್ಮೆ ತುಂಬಿದ ಮೇಲೆ ಮತ್ತೊಂದು ಒದೆತ ಬಿದ್ದರೂ ಅದು ಹಿಂದೆ ಕರಗಿ ತಣಿದಿದ್ದುದನ್ನೇ ಮತ್ತೊಮ್ಮೆ ಕರಗಿಸಿ ತಣಿಸುತ್ತದೆ. ಆದುದರಿಂದ ಹೊಸ ಬದಲಾವಣೆಗೆ ಎಡೆಯಿಲ್ಲ. ಇದಲ್ಲದೆ, ೨೦೧೫ರಲ್ಲಿ ಪ್ರಕಟವಾದ ಫ್ರೆಂಚ್ ಪ್ರಯೋಗಗಳು ಇನ್ನೊಂದು ವಿಶೇಷವನ್ನು ತೋರಿಸಿದುವು. ಭಾರವಾದ ಬೀಜ ಮಾಡಿದ ಗಾಯವನ್ನು ಆಲ್ಫಾ ಕಣವು ತಾನು ಸಾಗುವ ಹಾದಿಯಲ್ಲಿ ಕೊಂಚಮಟ್ಟಿಗೆ ಮಾಯಿಸುತ್ತದೆ. ಒಂದೇ ಕ್ಷಯದಿಂದ ಹುಟ್ಟಿದ ಎರಡರಲ್ಲಿ ಒಂದು ಕೆಡಿಸಿದರೆ ಇನ್ನೊಂದು ತಿದ್ದುವುದು.

೬

ಗಾಜಿಗೆ ಎದುರಾಳಿಯೂ ಇಲ್ಲದಿರಲಿಲ್ಲ. ಆಸ್ಟ್ರೇಲಿಯದ ಭೂವಿಜ್ಞಾನಿ ರಿಂಗ್‌ವುಡ್ ೧೯೭೮ರಲ್ಲಿ ‘ಸಿನ್‌ರಾಕ್’ ಎಂಬ ಕೃತಕ ಶಿಲೆಯನ್ನು ಸೂಚಿಸಿದರು. ಕೋಟ್ಯಂತರ ವರ್ಷಗಳಿಂದ ಯುರೇನಿಯಂ ಅನ್ನು ತಮ್ಮೊಳಗೆ ಉಳಿಸಿಕೊಂಡಿರುವ ಖನಿಜಗಳನ್ನು ಹೋಲುವ ಟೈಟಾನಿಯಂ ಸ್ಫಟಿಕಗಳಲ್ಲಿ ತ್ಯಾಜ್ಯವನ್ನು ಸೇರಿಸಬೇಕೆಂಬುದು ಅವರ ವಾದ. ನಿಸರ್ಗವೇ ಸಾಕ್ಷಿ ನುಡಿಯುವ ಈ ವಾದಕ್ಕೆ ತೂಕವುಂಟು. ಆದರೆ ಸ್ಫಟಿಕಕ್ಕೆ ಕಳೆದುಕೊಳ್ಳಲು ಒಂದು ಕ್ರಮವಿದೆ. ಕೇಂಬ್ರಿಜ್‌ನ ಇಯಾನ್ ಫಾರ್ನನ್ ಮತ್ತು ಸಂಗಡಿಗರು ೨೦೦೭ರಲ್ಲಿ ಪ್ಲುಟೋನಿಯಂ ಬೆರೆತ ಜಿರ್ಕಾನ್ ಖನಿಜವನ್ನು ಪರೀಕ್ಷಿಸಿ, ಒಂದೊಂದು ಕ್ಷಯವೂ ಸುಮಾರು ೫೦೦೦ ಪರಮಾಣುಗಳನ್ನು ಪಲ್ಲಟಗೊಳಿಸುವುದೆಂದು ಎಣಿಸಿದರು. ಈ ಲೆಕ್ಕ ಹಿಂದಿನ ಅಂದಾಜುಗಳನ್ನು ಬಹಳವಾಗಿ ಮೀರಿದ್ದಿತು. ಆ ಗತಿಯಲ್ಲಿ ಪ್ಲುಟೋನಿಯಂ-೨೩೯ ಹೊತ್ತ ಜಿರ್ಕಾನ್ ೧೪೦೦ ವರ್ಷಗಳಲ್ಲಿಯೇ ಕ್ರಮಗೆಡುತ್ತದೆ. ಆ ಪ್ಲುಟೋನಿಯಂನ ಅರ್ಧಾಯುವಾದರೋ ೨೪,೧೦೦ ವರ್ಷ. ಇದರಿಂದ ಸ್ಫಟಿಕದ ಮಾರ್ಗ ಮುಚ್ಚಿಹೋಯಿತೆಂದು ಹೇಳಲಾಗದು. ಒಂದೊಂದು ಪದಾರ್ಥವನ್ನೂ ಅದರದರ ಗುಣದಿಂದಲೇ ಅಳೆಯಬೇಕೆಂಬುದು ಮಾತ್ರ ಸ್ಪಷ್ಟವಾಯಿತು.

ಗಾಜಿನ ಪರವಾದ ಸಾಕ್ಷ್ಯಗಳನ್ನೂ ಇದೇ ಕಟ್ಟುನಿಟ್ಟಿನಿಂದ ನೋಡಬೇಕು. ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ೧೮೦೦ ವರ್ಷ ಮುಳುಗಿದ್ದ ರೋಮನ್ ಗಾಜಿನ ಗಟ್ಟಿಗಳನ್ನೂ, ಪುರಾತನವಾದ ಜ್ವಾಲಾಮುಖಿಯ ಗಾಜನ್ನೂ ವಿಜ್ಞಾನಿಗಳು ಉದಾಹರಿಸುತ್ತಾರೆ. ಅವು ನೀರನ್ನು ತಾಳಿಕೊಂಡುದಕ್ಕೆ ಸಾಕ್ಷಿ; ಒಳಗಿನ ವಿಕಿರಣವನ್ನು ತಾಳಿಕೊಂಡುದಕ್ಕಲ್ಲ. ಚಾಕ್ ರಿವರ್‌ನ ಗಟ್ಟಿಗಳಲ್ಲಿದ್ದುದು ಮುಖ್ಯವಾಗಿ ವಿದಳನದ ಫಲಗಳು. ದೀರ್ಘಕಾಲದ ಆಲ್ಫಾ ಪೆಟ್ಟಿಗೆ ಅವೂ ಪ್ರಮಾಣವಾಗಲಾರವು. ಕ್ಯೂರಿಯಂ ಗಾಜು ಪೆಟ್ಟಿಗೆ ಪ್ರಮಾಣವಾದರೂ, ಅಲ್ಲಿ ಪೆಟ್ಟು ಬಿದ್ದುದು ನಿಜಸ್ಥಿತಿಗಿಂತ ಸಾವಿರ ಪಾಲು ತ್ವರೆಯಿಂದ. ನಿಧಾನವಾದ ಪೆಟ್ಟಿನಲ್ಲಿ ಗಾಯ ಮಾಯಲು ಹೆಚ್ಚು ಅವಕಾಶವಿರುವುದರಿಂದ ಈ ತ್ವರೆ ಹಾನಿಯನ್ನು ಕಡಮೆ ಮಾಡಿ ತೋರಿಸಲಾರದೆಂಬುದು ಒಂದು ಸಮಾಧಾನ. ಉಳಿಯುವ ಪ್ರಶ್ನೆ ನೀರಿನದು. ಸಡಿಲಗೊಂಡ ಬಲೆಯನ್ನು ನೀರು ಹೇಗೆ ಕಾಣುತ್ತದೆ? ನೀರು ತಗುಲಿದ ಆರಂಭದಲ್ಲಿ ಗಾಜು ಕರಗುವ ವೇಗ ಕ್ಯೂರಿಯಂ ಗಾಜಿನಲ್ಲಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಆದರೆ ಗಾಜಿನ ಮೈಮೇಲೆ ತಾನಾಗಿ ಕಟ್ಟಿಕೊಂಡು ಅದನ್ನು ಕಾಯುವ ತೆಳುಪೊರೆಯ ವರ್ತನೆ ಬೇರೆ ವಿಷಯ. ಅದನ್ನು ಕುರಿತ ಶೋಧ ಮುಗಿದಿಲ್ಲ.

೭

ಗಾಜಿನ ಭವಿಷ್ಯ ಅದನ್ನು ಇರಿಸುವ ಶಿಲೆಯೊಡನೆಯೂ ಸೇರಿಕೊಂಡಿದೆ. ವಿಕಿರಣದಿಂದ ಹುಟ್ಟುವ ಶಾಖ ಸುತ್ತಣ ಬಂಡೆಗೆ ಏನು ಮಾಡುತ್ತದೆಂಬುದನ್ನು ಅರಿಯಲು ಭಾರತದ ವಿಜ್ಞಾನಿಗಳು ೧೯೮೦ರ ದಶಕದಲ್ಲಿ ಆರಿಸಿಕೊಂಡ ಸ್ಥಳ ಕೋಲಾರದ ಚಿನ್ನದ ಗಣಿ. ಕೆಲಸ ನಿಂತಿದ್ದ ಭಾಗವೊಂದರಲ್ಲಿ, ಸುಮಾರು ೧೦೦೦ ಮೀಟರ್ ಆಳದಲ್ಲಿ, ಬಂಡೆಯಲ್ಲಿ ವಿದ್ಯುತ್ತಿನ ಹೀಟರುಗಳನ್ನು ಇಳಿಸಿ ಶಾಖ ಹರಡುವ ರೀತಿಯನ್ನು ವರ್ಷಗಟ್ಟಲೆ ಅಳೆದರು. ಪರೀಕ್ಷೆ ಶಾಖದ್ದು ಮಾತ್ರ. ತ್ಯಾಜ್ಯವನ್ನು ಅಲ್ಲಿ ಇಡಲಿಲ್ಲ. ಚಿನ್ನವನ್ನು ಮೇಲೆತ್ತಲು ಕನ್ನಡನಾಡಿನ ನೆಲವನ್ನು ಕೊರೆದ ಆಳವು ಹೀಗೆ ಮತ್ತೊಂದು ಬಗೆಯ ನಿಧಿಯ ಕಾವಲನ್ನು ಕುರಿತ ಜ್ಞಾನಕ್ಕೂ ಒದಗಿತು. ಗಣಿ ೨೦೦೧ರಲ್ಲಿ ಮುಚ್ಚಿತು.

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಗಾಜು ಕೆಡುವುದಿಲ್ಲವೆಂದು ಮೊದಲಿಗೆ ಭಾವಿಸಿದವರ ಭರವಸೆಗಿಂತ, ಅದು ಇಷ್ಟು ಕೆಡುತ್ತದೆ, ಇಲ್ಲಿಗೆ ನಿಲ್ಲುತ್ತದೆ ಎಂದು ಅಳೆದು ಹೇಳಿದವರ ಮಾತು ಹೆಚ್ಚು ನೆಚ್ಚಿಕೆಗೆ ಅರ್ಹವಾದುದು. ತಾರಾಪುರದಲ್ಲಿಯೂ ಟ್ರಾಂಬೆಯಲ್ಲಿಯೂ ಎರೆದ ಗಾಜಿನ ಗಟ್ಟಿಗಳು ಉಕ್ಕಿನ ಕೊಳವಿಗಳಲ್ಲಿ ಸೇರಿವೆ. ಅವುಗಳ ಕಾವು ತಗ್ಗುವವರೆಗೆ ಕಾದಿರಿಸಲು ತಾರಾಪುರದಲ್ಲಿ ಗಾಳಿಯಿಂದ ತಣಿಯುವ ನೆಲಮಾಳಿಗೆಗಳಿವೆ. ಅವುಗಳಿಂದ ಪಡೆದ ವಿದ್ಯುತ್ತನ್ನು ಉರಿಸಿದುದು ಒಂದೆರಡು ತಲೆಮಾರು. ಅವನ್ನು ಕಾಯಬೇಕಾದುದು ಇನ್ನೂ ಹುಟ್ಟದ ನೂರಾರು ತಲೆಮಾರುಗಳು. ಆ ಸಂತತಿಗೆ ಸಾಲವನ್ನು ಬಿಟ್ಟುಹೋಗುವುದು ಅನಿವಾರ್ಯವಾದರೆ, ಸಾಲದ ಪತ್ರದಲ್ಲಿ ಲೆಕ್ಕವನ್ನು ಮುಚ್ಚಿಡದೆ ಬರೆದಿಡುವುದು ಈ ತಲೆಮಾರಿನ ಹೊಣೆ. ಗಾಜಿನೊಳಗೆ ಇಳಿದು ಪರಮಾಣುಗಳ ಪಲ್ಲಟವನ್ನು ಒಂದೊಂದಾಗಿ ಎಣಿಸುತ್ತಿರುವ ವಿಜ್ಞಾನಿಗಳು ಮಾಡುತ್ತಿರುವುದು ಆ ಲೆಕ್ಕದ ಬರವಣಿಗೆಯನ್ನೇ.